ಸದನದ ಕ್ಯಾಮೆರಾ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ರಾಜ್ಯಶಾಸ್ತ್ರದ ಮೇಷ್ಟ್ರು, ಹಾಸನ

ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಕಲಿಸುವ ನನಗೆ ವಿಧಾನಮಂಡಲದ ಅಧಿವೇಶನ ಬಂತೆಂದರೆ ಪಾಠಕ್ಕೆ ಬೇಕಾದ ಸಾಮಗ್ರಿ ತಾನಾಗಿ ಒದಗುತ್ತದೆ. ಆದರೆ ಒಂದು ಪ್ರಕರಣದ ಬಗ್ಗೆ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಗೆ ನಾನು ಕೊಡುತ್ತಿರುವ ಉತ್ತರ ನನಗೇ ಸಮಾಧಾನ ತರುತ್ತಿಲ್ಲ; ಆದ್ದರಿಂದ ಇಲ್ಲಿ ಕೇಳುತ್ತಿದ್ದೇನೆ.

2024ರ ಡಿಸೆಂಬರ್ 19ರಂದು ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ವಿಧಾನ ಪರಿಷತ್ತಿನ ಕಲಾಪ ಗದ್ದಲದಿಂದಾಗಿ ಮುಂದೂಡಲ್ಪಟ್ಟ ಹೊತ್ತಿನಲ್ಲಿ, ಬಿಜೆಪಿ ಸದಸ್ಯ ಸಿ.ಟಿ. ರವಿ ಅವರು ಸಚಿವೆ ಲಕ್ಷ್ಮೀ ಹೆಬ್ಬಾಳಕರ ಅವರನ್ನು ಕುರಿತು ಅವಾಚ್ಯ ಪದ ಬಳಸಿದರೆಂಬ ಆರೋಪ ಬಂತು. ರವಿ ಅವರು ಅದನ್ನು ಅಲ್ಲಗಳೆದರು. ಸದನ ಮುಂದೂಡಿದ್ದರಿಂದ ಅಧಿಕೃತ ದಾಖಲೆಯಲ್ಲಿ ಅಂತಹ ಮಾತು ಇಲ್ಲ ಎಂದು ಸಭಾಪತಿ ಬಸವರಾಜ ಹೊರಟ್ಟಿ ಹೇಳಿದರು. ಅದೇ ದಿನ ಪೊಲೀಸರು ರವಿ ಅವರನ್ನು ಬಂಧಿಸಿದರು, ಮರುದಿನ ಹೈಕೋರ್ಟ್ ಬಿಡುಗಡೆಗೆ ಆದೇಶಿಸಿತು. ಈ ನಡುವೆ ಹೊರಗೆ ಹರಿದಾಡಿದ ವಿಡಿಯೊ ತುಣುಕುಗಳನ್ನು ನೋಡಿ ಒಂದು ಪಕ್ಷದವರು ಮಾತು ಸ್ಪಷ್ಟವಾಗಿ ಕೇಳಿಸುತ್ತದೆ ಎಂದರೆ, ಇನ್ನೊಂದು ಪಕ್ಷದವರು ಹಾಗೆ ಕೇಳಿಸುವುದೇ ಇಲ್ಲ ಎಂದರು.

ಯಾರು ಸರಿ ಎಂಬುದನ್ನು ತೀರ್ಮಾನಿಸುವ ಜಾಗ ಇದಲ್ಲ, ದಯವಿಟ್ಟು ಆ ಕಡೆ ಹೋಗುವುದು ಬೇಡ. ನನ್ನ ಪ್ರಶ್ನೆ ಬೇರೆ. ರಾಜ್ಯದ ಎರಡನೆಯ ಸದನದೊಳಗೆ, ಹಲವಾರು ಜನಪ್ರತಿನಿಧಿಗಳ ಕಣ್ಣೆದುರಿಗೆ, ಇಷ್ಟೊಂದು ಮೈಕ್ ಮತ್ತು ಕ್ಯಾಮೆರಾಗಳಿರುವ ಸಭಾಂಗಣದಲ್ಲಿ ಒಂದು ಮಾತು ಆಡಲಾಯಿತೇ ಇಲ್ಲವೇ ಎಂಬುದಕ್ಕೆ ಎಲ್ಲರೂ ಒಪ್ಪುವ ಒಂದು ದಾಖಲೆ ಏಕೆ ಸಿಗಲಿಲ್ಲ?

ಇದರ ಬೆನ್ನಿಗೇ 2019ರ ಅಕ್ಟೋಬರ್ ನೆನಪಾಗುತ್ತದೆ. ಉತ್ತರ ಕರ್ನಾಟಕದ ಪ್ರವಾಹದ ನಂತರ ಬೆಂಗಳೂರಿನಲ್ಲಿ ಮೂರು ದಿನಗಳ ಅಧಿವೇಶನ ಕರೆದಾಗ, ಅಂದಿನ ಸಭಾಧ್ಯಕ್ಷ ವಿಶ್ವೇಶ್ವರ ಹೆಗಡೆ ಕಾಗೇರಿ ಅವರು ವಿಧಾನಸಭೆಯೊಳಗೆ ಖಾಸಗಿ ಸುದ್ದಿವಾಹಿನಿಗಳ ಕ್ಯಾಮೆರಾಗಳಿಗೆ ನಿರ್ಬಂಧ ವಿಧಿಸಿದರು. ದೂರದರ್ಶನ ಚಿತ್ರೀಕರಿಸಿ ಕೊಡುವ ದೃಶ್ಯಗಳನ್ನೇ ಎಲ್ಲರೂ ಬಳಸಬೇಕೆಂಬುದು ವ್ಯವಸ್ಥೆ. ಸಂಸತ್ತಿನಲ್ಲಿ ಇರುವುದೂ ಇದೇ ಎಂಬುದು ಸಮರ್ಥನೆ. ಪತ್ರಕರ್ತರು ಪ್ರತಿಭಟಿಸಿದರು, ವಿರೋಧ ಪಕ್ಷದವರು ಟೀಕಿಸಿದರು. ಖಾಸಗಿ ಕ್ಯಾಮೆರಾ ಒಳಗಿದ್ದರೆ ಸದನಕ್ಕೆ ಒಳ್ಳೆಯದೋ, ಇಲ್ಲದಿದ್ದರೆ ಒಳ್ಳೆಯದೋ? ಬಲ್ಲವರು ತಿಳಿಸಬೇಕು.

ಉತ್ತರ: ಗ್ಯಾಲರಿಯ ಹಳಬ, ಬೆಂಗಳೂರು

ಮೇಷ್ಟ್ರೇ, ಪತ್ರಕರ್ತರ ಗ್ಯಾಲರಿಯಲ್ಲಿ ಕುಳಿತು ನೋಟ್‌ಪ್ಯಾಡಿನಲ್ಲಿ ಬರೆದುಕೊಂಡ ಕಾಲದವನು ನಾನು. ಈಗ ನಿವೃತ್ತ. ಆದ್ದರಿಂದ ವಾಹಿನಿಗಳ ಪರವಾಗಿ ವಾದಿಸುವ ಹಂಗು ನನಗಿಲ್ಲ.

ಮೊದಲು ಅವರ ದೋಷವನ್ನೇ ಹೇಳಿಬಿಡುತ್ತೇನೆ. ಕ್ಯಾಮೆರಾಗಳು ಒಳಗೆ ಬಂದ ಮೇಲೆ ಸದನದ ಸುದ್ದಿಯ ಸ್ವರೂಪವೇ ಬದಲಾಯಿತು. ಮಸೂದೆಯೊಂದರ ಮೇಲೆ ಎರಡು ತಾಸು ನಡೆದ ಗಂಭೀರ ಚರ್ಚೆ ಸಂಜೆಯ ಬುಲೆಟಿನ್ನಿನಲ್ಲಿ ಅರೆ ನಿಮಿಷವೂ ಕಾಣಿಸುವುದಿಲ್ಲ. ಒಬ್ಬ ಶಾಸಕರು ತೂಕಡಿಸಿದರೆ ಅವರ ಮುಖದ ಸುತ್ತ ಕೆಂಪು ವೃತ್ತ ಬರೆದು ರಾತ್ರಿಯವರೆಗೆ ತೋರಿಸುತ್ತಾರೆ. ಇದರ ಪರಿಣಾಮ ಶಾಸಕರ ಮೇಲೂ ಆಯಿತು. ಪ್ರಶ್ನೋತ್ತರ ವೇಳೆಯಲ್ಲಿ ಉಪಪ್ರಶ್ನೆ ಕೇಳಲು ತಯಾರಿ ಮಾಡಿಕೊಂಡು ಬರುವುದಕ್ಕಿಂತ, ಸದನದ ಬಾವಿಗಿಳಿದು (ಪೀಠದ ಮುಂದಿನ ಖಾಲಿ ಜಾಗಕ್ಕೆ ನುಗ್ಗಿ) ಕಾಗದ ಹರಿದರೆ ಊರಿನ ಮತದಾರರಿಗೆ ಬೇಗ ಕಾಣಿಸುತ್ತೇವೆಂಬ ಲೆಕ್ಕಾಚಾರ ಹಲವರಿಗೆ ಅಂಟಿಕೊಂಡಿತು. ಸಭಾಧ್ಯಕ್ಷರಾಗಿ ಕುಳಿತವರಿಗೆ, ಅವರು ಯಾವ ಪಕ್ಷದಿಂದ ಬಂದಿದ್ದರೂ, ಈ ಬೇಸರ ಇರುವುದು ನಿಜ.

ಆದರೆ ಈ ಬೇಸರವನ್ನು ನಿರ್ಬಂಧಕ್ಕೆ ಕಾರಣವಾಗಿ ತೋರಿಸಿದಾಗ ನನಗೆ ನಂಬಿಕೆ ಬರುವುದಿಲ್ಲ. 2012ರ ಫೆಬ್ರುವರಿ 7ರಂದು ವಿಧಾನಸಭೆಯಲ್ಲಿ ಏನಾಯಿತೆಂಬುದನ್ನು ನೆನಪಿಸಿಕೊಳ್ಳಿ. ಕಲಾಪ ನಡೆಯುತ್ತಿದ್ದಾಗಲೇ ಸಚಿವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ನೋಡುತ್ತಿದ್ದುದನ್ನು ಸುದ್ದಿವಾಹಿನಿಯ ಕ್ಯಾಮೆರಾ ಸೆರೆಹಿಡಿಯಿತು. ಮರುದಿನವೇ ಮೂವರು ಸಚಿವರು ರಾಜೀನಾಮೆ ಕೊಡಬೇಕಾಯಿತು. ಆ ದೃಶ್ಯ ಅಧಿಕೃತ ಕ್ಯಾಮೆರಾದಲ್ಲಿ ಬರುತ್ತಿತ್ತೇ? ಬರುತ್ತಿರಲಿಲ್ಲ. ಅಧಿಕೃತ ಕ್ಯಾಮೆರಾಕ್ಕೆ ವಹಿಸಿರುವ ಕೆಲಸವೆಂದರೆ ಮಾತನಾಡುವವರ ಮುಖವನ್ನೂ ಪೀಠವನ್ನೂ ತೋರಿಸುವುದು. ಬೆಂಚಿನ ಕೆಳಗೆ ಯಾರ ಕೈಯಲ್ಲಿ ಏನಿದೆ ಎಂದು ನೋಡುವ ಕುತೂಹಲ ಅದಕ್ಕಿರುವುದಿಲ್ಲ, ಇದ್ದರೂ ಅದನ್ನು ಪ್ರಸಾರಕ್ಕೆ ಹಾಕುವ ಧೈರ್ಯ ನೌಕರನೊಬ್ಬನಿಗೆ ಬರುವುದಿಲ್ಲ. 2021ರ ಜನವರಿಯಲ್ಲಿ ಪರಿಷತ್ತಿನ ಸದಸ್ಯರೊಬ್ಬರು ಮೊಬೈಲ್ ನೋಡುತ್ತಿದ್ದ ವಿವಾದವೂ ಹೊರಬಂದದ್ದು ಸುದ್ದಿವಾಹಿನಿಯ ಕ್ಯಾಮೆರಾದಿಂದಲೇ. ತಾವು ಸಂದೇಶಗಳನ್ನು ಅಳಿಸುತ್ತಿದ್ದುದಾಗಿ ಅವರು ಸಮಜಾಯಿಷಿ ಕೊಟ್ಟರು. ಮೊದಲನೆಯದು ಬಿಜೆಪಿಗೆ ಮುಜುಗರ ತಂದರೆ ಎರಡನೆಯದು ಕಾಂಗ್ರೆಸ್ಸಿಗೆ ತಂದಿತು. 2012ರ ಆ ಮೂವರಲ್ಲಿ ಒಬ್ಬರು 2019ರ ಆಗಸ್ಟ್‌ನಲ್ಲಿ ಉಪಮುಖ್ಯಮಂತ್ರಿಯಾದರು, ಅಕ್ಟೋಬರ್‌ನಲ್ಲಿ ಕ್ಯಾಮೆರಾ ನಿರ್ಬಂಧ ಬಂತು. ಎರಡರ ನಡುವೆ ಕಾರ್ಯಕಾರಣ ಸಂಬಂಧ ಕಲ್ಪಿಸುವುದು ನ್ಯಾಯವಲ್ಲವಾದರೂ, ಇಂತಹ ಸಮಯದಲ್ಲಿ ಇಂತಹ ನಿರ್ಧಾರ ಹೊರಗೆ ಹೇಗೆ ಕಾಣುತ್ತದೆ ಎಂಬುದನ್ನು ಯಾರಾದರೂ ಯೋಚಿಸಬೇಕಿತ್ತು.

ಪಕ್ಷದ ವಿಷಯ ಬಂತಲ್ಲ, ಇನ್ನೊಂದು ಮಾತು. ಮಾಧ್ಯಮಗಳ ಮೇಲಿನ ಸಿಟ್ಟು ನಮ್ಮ ವಿಧಾನಮಂಡಲದಲ್ಲಿ ಎಂದೂ ಒಂದು ಪಕ್ಷದ ಸೊತ್ತಾಗಿರಲಿಲ್ಲ. 2017ರ ಜೂನ್‌ನಲ್ಲಿ, ಕಾಂಗ್ರೆಸ್ ಆಡಳಿತವಿದ್ದಾಗ, ಸಭಾಧ್ಯಕ್ಷ ಕೆ.ಬಿ. ಕೋಳಿವಾಡ ಅವರು 'ಹಾಯ್ ಬೆಂಗಳೂರ್' ಸಂಪಾದಕ ರವಿ ಬೆಳಗೆರೆ ಹಾಗೂ 'ಯಲಹಂಕ ವಾಯ್ಸ್' ಸಂಪಾದಕ ಅನಿಲ್ ರಾಜು ಅವರಿಗೆ ಹಕ್ಕುಚ್ಯುತಿಯ, ಅಂದರೆ ಶಾಸಕರ ವಿಶೇಷ ಹಕ್ಕಿಗೆ ಧಕ್ಕೆ ತಂದ, ಹೆಸರಿನಲ್ಲಿ ಒಂದು ವರ್ಷ ಸೆರೆವಾಸ ಮತ್ತು 10,000 ರೂಪಾಯಿ ದಂಡ ಘೋಷಿಸಿದರು. ದೂರು ಕೊಟ್ಟವರಲ್ಲಿ ಕಾಂಗ್ರೆಸ್ಸಿನವರೂ ಇದ್ದರು, ಬಿಜೆಪಿಯವರೂ ಇದ್ದರು. ಶಿಕ್ಷೆ ಘೋಷಿಸಿದ ಪೀಠದಲ್ಲಿದ್ದವರೇ ದೂರುದಾರರಲ್ಲಿ ಒಬ್ಬರಾಗಿದ್ದರು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳಿಗೆ ತಪ್ಪದೆ ಹೇಳಿ. ಹೊರಗೆ ಪರಸ್ಪರ ಮುಖ ನೋಡದವರು ಈ ಒಂದು ವಿಷಯದಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ.

ಉತ್ತರ: ಸಾಕಾದ ವೀಕ್ಷಕಿ, ದಾವಣಗೆರೆ

ಹಳಬರು ಹೇಳಿದ್ದನ್ನು ಗೌರವದಿಂದ ಓದಿದೆ. ಆದರೂ ಹೇಳುತ್ತೇನೆ, ಖಾಸಗಿ ವಾಹಿನಿಗಳನ್ನು ಹೊರಗಿಟ್ಟರೆ ನಾಡಿಗೆ ನಷ್ಟವೇನೂ ಇಲ್ಲ. ನಮ್ಮ ಜಿಲ್ಲೆಯ ಭದ್ರಾ ನಾಲೆಯ ನೀರಿನ ಬಗ್ಗೆ ಸದನದಲ್ಲಿ ಗಮನ ಸೆಳೆಯುವ ಸೂಚನೆ ಬಂದರೆ ಯಾವ ವಾಹಿನಿಯೂ ಪೂರ್ತಿ ತೋರಿಸುವುದಿಲ್ಲ. ಅದನ್ನು ನಾನು ಯೂಟ್ಯೂಬಿನಲ್ಲಿ ಬರುವ ಅಧಿಕೃತ ನೇರಪ್ರಸಾರದಲ್ಲಿಯೇ ಹುಡುಕಿ ನೋಡಬೇಕು. ಕೆಂಪು ವೃತ್ತ ಹಾಕಿ ನಗಿಸುವವರಿಗೆ ಒಳಗೆ ಜಾಗ ಕೊಡಲಿಲ್ಲವೆಂದು ಪ್ರಜಾಪ್ರಭುತ್ವ ಮುಳುಗುವುದಿಲ್ಲ. ಅಷ್ಟಕ್ಕೂ ಎರಡು ಬಾರಿ ಮೊಬೈಲ್ ಹಿಡಿದವರನ್ನು ಸಿಕ್ಕಿಹಾಕಿಸಿದ್ದನ್ನು ಬಿಟ್ಟರೆ ಈ ಕ್ಯಾಮೆರಾಗಳು ಸದನದ ಒಳಗಿನಿಂದ ಜನರಿಗೆ ತಂದುಕೊಟ್ಟದ್ದೇನು?

ಉತ್ತರ: ಕಪ್ಪುಕೋಟು, ಧಾರವಾಡ

ಕಾನೂನಿನ ಕಡೆಯಿಂದ ನೋಡಿದರೆ ಮೇಷ್ಟ್ರ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳಿವೆ, ಅವು ಬೆರೆತುಹೋಗಿವೆ. ಸದನದಲ್ಲಿ ನಡೆದದ್ದನ್ನು ಪ್ರಕಟಿಸುವ ಹಕ್ಕು ಒಂದು. ಸದನದೊಳಗೆ ಹೋಗಿ ಚಿತ್ರೀಕರಿಸುವ ಹಕ್ಕು ಇನ್ನೊಂದು. ನಮ್ಮ ಸಂವಿಧಾನ ಮೊದಲನೆಯದಕ್ಕೆ ರಕ್ಷಣೆ ಕೊಟ್ಟಿದೆ, ಎರಡನೆಯದರ ಬಗ್ಗೆ ಮೌನವಾಗಿದೆ.

ಮೊದಲನೆಯದೂ ಸುಲಭವಾಗಿ ಬಂದದ್ದಲ್ಲ. 1956ರಲ್ಲಿ ಫಿರೋಜ್ ಗಾಂಧಿ ಅವರ ಪ್ರಯತ್ನದಿಂದ ಸಂಸತ್ತಿನ ಕಲಾಪದ ನಿಷ್ಠ ವರದಿಗಳಿಗೆ ರಕ್ಷಣೆ ಕೊಡುವ ಕಾಯಿದೆ ಬಂತು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಅದನ್ನು ರದ್ದುಮಾಡಲಾಯಿತು. ರದ್ದುಮಾಡಿದ್ದು ಅವರ ಪತ್ನಿಯ ಸರ್ಕಾರವೇ ಎಂಬುದು ಇತಿಹಾಸದ ಒಂದು ವಿಚಿತ್ರ. 1977ರಲ್ಲಿ ಜನತಾ ಸರ್ಕಾರ ಅದನ್ನು ಮರಳಿ ತಂದಿತು. ಬಳಿಕ 44ನೆಯ ತಿದ್ದುಪಡಿಯ ಮೂಲಕ 361ಎ ವಿಧಿಯನ್ನು ಸೇರಿಸಿ, ಸಂಸತ್ತು ಮತ್ತು ರಾಜ್ಯ ಶಾಸಕಾಂಗಗಳ ಕಲಾಪದ ಬಹುಪಾಲು ಸತ್ಯವಾದ ವರದಿಯನ್ನು, ದುರುದ್ದೇಶವಿಲ್ಲದಿದ್ದರೆ, ಪ್ರಕಟಿಸಿದವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ ಎಂದು ಹೇಳಲಾಯಿತು. ಇದು ಬಾನುಲಿ, ದೂರದರ್ಶನಗಳ ಪ್ರಸಾರಕ್ಕೂ ಅನ್ವಯಿಸುತ್ತದೆ.

ಆದರೆ ಒಳಗೆ ಕಂಡದ್ದನ್ನು ಹೇಳುವವನಿಗೆ ರಕ್ಷಣೆ ಇದೆಯೇ ಹೊರತು, ಕಾಣಲು ಬಿಡಿ ಎಂದು ಕೇಳುವವನಿಗೆ ಇಲ್ಲ. ಯಾರನ್ನು ಒಳಗೆ ಬಿಡಬೇಕು, ಯಾರನ್ನು ಬಿಡಬಾರದು ಎಂಬುದು ಸದನದ ಅಧಿಕಾರ; ರಾಜ್ಯ ಶಾಸಕಾಂಗಕ್ಕೂ ಅದರ ಸದಸ್ಯರಿಗೂ ವಿಶೇಷ ಹಕ್ಕು ಕೊಡುವ ಸಂವಿಧಾನದ 194(3)ನೆಯ ವಿಧಿ ಮತ್ತು ಸದನದ ನಡವಳಿ ನಿಯಮಗಳು ಅದನ್ನು ಸಭಾಧ್ಯಕ್ಷರ ಕೈಗೆ ಕೊಟ್ಟಿವೆ. 1959ರ 'ಸರ್ಚ್‌ಲೈಟ್' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿತ್ತು. ಬಿಹಾರ ವಿಧಾನಸಭೆಯಲ್ಲಿ ಕಡತದಿಂದ ತೆಗೆದುಹಾಕಲಾದ ಮಾತುಗಳನ್ನೂ ಸೇರಿಸಿ ಪಟ್ನಾದ ಆ ಪತ್ರಿಕೆ ಭಾಷಣವೊಂದನ್ನು ಅಚ್ಚುಹಾಕಿದಾಗ, ಹಾಗೆ ಪ್ರಕಟಿಸದಂತೆ ತಡೆಯುವ ಹಕ್ಕು ಸದನಕ್ಕಿದೆ ಎಂದು ಬಹುಮತದ ತೀರ್ಪು ಬಂತು. ಐವರಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಒಬ್ಬರೇ ಭಿನ್ನಮತ ಬರೆದರು. ಓದಲು ಯೋಗ್ಯವಾದದ್ದು ಆ ಭಿನ್ನಮತವೇ ಎಂಬುದು ನನ್ನ ಅಭಿಪ್ರಾಯ, ಆದರೆ ಕಾನೂನಾದದ್ದು ಬಹುಮತದ ತೀರ್ಪು. (ನೇರಪ್ರಸಾರದ ಈ ದಿನಗಳಲ್ಲಿ 'ಆ ಮಾತನ್ನು ಕಡತದಿಂದ ತೆಗೆಯಿರಿ' ಎಂದು ಪೀಠದಿಂದ ಆದೇಶ ಬರುವಷ್ಟರಲ್ಲಿ ಆ ಮಾತು ಸಾವಿರಾರು ಮೊಬೈಲುಗಳನ್ನು ತಲುಪಿರುತ್ತದೆ. ಆದೇಶ ಮಾತ್ರ ಹಳೆಯ ಗಾಂಭೀರ್ಯದಲ್ಲಿಯೇ ಹೊರಡುತ್ತಿರುತ್ತದೆ.)

ಹೀಗಿರುವಾಗ 2019ರ ನಿರ್ಬಂಧವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ ಗೆಲ್ಲುವುದು ಕಷ್ಟ. ವಿಶೇಷ ಹಕ್ಕುಗಳಿಗೆ ಮಿತಿಯೇ ಇಲ್ಲವೆಂದು ಇದರ ಅರ್ಥವಲ್ಲ. 2024ರ ಮಾರ್ಚ್ 4ರಂದು ಮತಕ್ಕಾಗಿ ಲಂಚ ಪಡೆದ ಆರೋಪದ ಸೀತಾ ಸೊರೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ, ಸದನದ ಸಾಮೂಹಿಕ ಕಾರ್ಯನಿರ್ವಹಣೆಗೆ ನಂಟಿರುವ ಮತ್ತು ಸದಸ್ಯನ ಕರ್ತವ್ಯಕ್ಕೆ ಅಗತ್ಯವಾದ ವಿಷಯಗಳಿಗಷ್ಟೇ ವಿಶೇಷ ಹಕ್ಕು ಅನ್ವಯಿಸುತ್ತದೆ ಎಂದಿತು. ಅದಕ್ಕೂ ಮುನ್ನ 2021ರ ಜುಲೈ 28ರಂದು ಬಂದ ಕೇರಳದ ತೀರ್ಪು ಮೇಷ್ಟ್ರ ಪ್ರಶ್ನೆಗೆ ಇನ್ನೂ ಹತ್ತಿರದ್ದು.

2015ರ ಮಾರ್ಚ್ 13ರಂದು ಕೇರಳ ವಿಧಾನಸಭೆಯಲ್ಲಿ ಹಣಕಾಸು ಸಚಿವ ಕೆ.ಎಂ. ಮಾಣಿ ಬಜೆಟ್ ಮಂಡಿಸುವುದನ್ನು ತಡೆಯಲು ಅಂದಿನ ವಿರೋಧ ಪಕ್ಷದ ಶಾಸಕರು ಸಭಾಧ್ಯಕ್ಷರ ವೇದಿಕೆಯನ್ನೇರಿ ಕುರ್ಚಿ, ಮೈಕ್, ಕಂಪ್ಯೂಟರುಗಳನ್ನು ಹಾಳುಗೆಡವಿದರು. ಇಡೀ ದೇಶ ಅದನ್ನು ಟಿ.ವಿ.ಯಲ್ಲಿ ನೋಡಿತು. ಅದೇ ಪಕ್ಷದ ಸರ್ಕಾರ ಬಂದ ಮೇಲೆ ಮೊಕದ್ದಮೆ ಹಿಂತೆಗೆದುಕೊಳ್ಳಲು ಹೊರಟಾಗ, ಸದನದೊಳಗಿನ ದೃಶ್ಯಗಳಿಗೆ ವಿಶೇಷ ಹಕ್ಕಿನ ರಕ್ಷಣೆ ಇದೆ, ಅವನ್ನು ಸಾಕ್ಷ್ಯವಾಗಿ ಬಳಸಲಾಗದು ಎಂಬ ವಾದವೂ ಬಂತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಪೀಠೋಪಕರಣ ಮುರಿಯುವುದು ಶಾಸಕನ ಕರ್ತವ್ಯದ ಭಾಗವಲ್ಲ, ಮೊಕದ್ದಮೆ ಮುಂದುವರಿಯಲಿ ಎಂದಿತು. ಆ ದೃಶ್ಯಗಳೇ ಇರದಿದ್ದರೆ ಆರೋಪಿಗಳು ಯಾರೆಂದು ಹೆಸರಿಸುವುದೇ ಕಷ್ಟವಾಗುತ್ತಿತ್ತು.

ದಾವಣಗೆರೆಯ ಸೋದರಿ ಕೇಳಿದ 'ತಂದುಕೊಟ್ಟದ್ದೇನು' ಎಂಬುದಕ್ಕೆ ಇದೂ ಒಂದು ಉತ್ತರ. 2020ರ ಡಿಸೆಂಬರ್ 15ರಂದು ನಮ್ಮದೇ ಪರಿಷತ್ತಿನಲ್ಲಿ ಉಪಸಭಾಪತಿಯವರನ್ನು ಪೀಠದಿಂದ ಎಳೆದು ಕೆಳಗಿಳಿಸಿದ ಘಟನೆಯಲ್ಲಿ ಯಾರು ಏನು ಮಾಡಿದರೆಂಬುದರ ಬಗ್ಗೆ ವಾದಗಳು ಎಷ್ಟೇ ಇದ್ದರೂ, ಆದದ್ದೇ ಸುಳ್ಳು ಎಂದು ಹೇಳಲು ಯಾರಿಗೂ ಸಾಧ್ಯವಾಗಲಿಲ್ಲ. ಬೆಳಗಾವಿಯ ಘಟನೆಯಲ್ಲಿ ಅದಕ್ಕೇ ಅವಕಾಶ ಉಳಿಯಿತು.

ಉತ್ತರ: ಕಂಟ್ರೋಲ್ ರೂಮ್, ನ್ಯೂಜೆರ್ಸಿ

ನಾನು ಶಿವಮೊಗ್ಗದವನು, ಇಲ್ಲಿ ನೇರಪ್ರಸಾರದ ತಾಂತ್ರಿಕ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇದುವರೆಗಿನ ಚರ್ಚೆಯಲ್ಲಿ ಕ್ಯಾಮೆರಾದ ಬಗ್ಗೆಯೇ ಮಾತು ಬಂದಿದೆ. ನನ್ನ ಅನುಭವದಲ್ಲಿ ಕ್ಯಾಮೆರಾ ಹಿಡಿದವನಿಗಿಂತ ಸ್ವಿಚರ್ ಮುಂದೆ ಕುಳಿತವನ ಅಧಿಕಾರ ದೊಡ್ಡದು. ಸಭಾಂಗಣದಲ್ಲಿ ಎಂಟು ಕ್ಯಾಮೆರಾಗಳಿದ್ದರೂ ಹೊರಗೆ ಹೋಗುವುದು ಒಂದು ಕ್ಷಣಕ್ಕೆ ಒಂದೇ ದೃಶ್ಯ. ಯಾವುದು ಹೋಗಬೇಕೆಂದು ಗುಂಡಿ ಒತ್ತುವವನು ಒಬ್ಬ. ಅವನಿಗೆ ಆದೇಶ ಯಾರಿಂದ ಬರುತ್ತದೆ ಎಂಬುದೇ ಮುಖ್ಯ ಪ್ರಶ್ನೆ.

ಅಮೆರಿಕದ ಪ್ರತಿನಿಧಿಸಭೆಯ ಕಲಾಪ 1979ರಿಂದ ಸಿ-ಸ್ಪ್ಯಾನ್ ಎಂಬ ವಾಹಿನಿಯಲ್ಲಿ ಬರುತ್ತಿದೆ. ವಾಹಿನಿ ಖಾಸಗಿಯಾದರೂ ಸಭಾಂಗಣದ ಕ್ಯಾಮೆರಾಗಳು ಸಭೆಯವೇ, ಅವುಗಳ ಹಿಡಿತ ಸ್ಪೀಕರ್ ಕೈಯಲ್ಲಿ. 1984ರ ಮೇ ತಿಂಗಳಲ್ಲಿ ಸ್ಪೀಕರ್ ಟಿಪ್ ಓನೀಲ್ ಈ ಹಿಡಿತವನ್ನು ಬಳಸಿದ ಬಗೆ ಕುತೂಹಲಕರವಾಗಿದೆ. ವಿರೋಧ ಪಕ್ಷದ ನ್ಯೂಟ್ ಗಿಂಗ್ರಿಚ್ ಮತ್ತು ಅವರ ಗೆಳೆಯರು ದಿನದ ಕೆಲಸ ಮುಗಿದ ಮೇಲೆ ಖಾಲಿ ಸಭಾಂಗಣದಲ್ಲಿ ನಿಂತು, ಎದುರಿಗೆ ಜನರಿದ್ದಾರೇನೋ ಎಂಬಂತೆ ಸವಾಲು ಹಾಕುತ್ತ ಭಾಷಣ ಮಾಡುತ್ತಿದ್ದರು. ಕ್ಯಾಮೆರಾ ಭಾಷಣಕಾರರ ಮುಖವನ್ನಷ್ಟೇ ತೋರಿಸುತ್ತಿದ್ದುದರಿಂದ ನೋಡುವವರಿಗೆ ಇದು ತಿಳಿಯುತ್ತಿರಲಿಲ್ಲ. ಓನೀಲ್ ಮುನ್ಸೂಚನೆ ಇಲ್ಲದೆ ಕ್ಯಾಮೆರಾವನ್ನು ಸಭಾಂಗಣದ ಸುತ್ತ ಹೊರಳಿಸಲು ಹೇಳಿದರು. ಖಾಲಿ ಕುರ್ಚಿಗಳು ದೇಶಕ್ಕೆಲ್ಲ ಕಂಡವು. ಜನರಿಗೆ ಸತ್ಯ ತಿಳಿಯಿತು, ನಿಜ. ಆದರೆ ತಿಳಿಸಿದ್ದು ಆಡಳಿತ ಪಕ್ಷದವರಾದ ಸ್ಪೀಕರ್, ವಿರೋಧಿಗಳನ್ನು ನಗೆಪಾಟಲು ಮಾಡಲೆಂದೇ.

2023ರ ಜನವರಿಯಲ್ಲಿ ಇದರ ತಿರುವುಮುರುವಾಯಿತು. ಹೊಸ ಪ್ರತಿನಿಧಿಸಭೆ ಸ್ಪೀಕರ್‌ರನ್ನು ಆರಿಸಲಾಗದೆ ಹದಿನೈದು ಸುತ್ತು ಮತದಾನ ನಡೆಸಿತು. ಸ್ಪೀಕರ್ ಇಲ್ಲದ್ದರಿಂದ ಸಭೆಯ ನಿಯಮಗಳೂ ಅಂಗೀಕಾರವಾಗಿರಲಿಲ್ಲ, ಆದ್ದರಿಂದ ಆ ಕೆಲವು ದಿನ ಸಿ-ಸ್ಪ್ಯಾನ್ ತನ್ನದೇ ಕ್ಯಾಮೆರಾಗಳನ್ನು ಸ್ವತಂತ್ರವಾಗಿ ತಿರುಗಿಸಿತು. ಯಾರು ಯಾರ ಪಕ್ಕ ಹೋಗಿ ಪಿಸುಗುಟ್ಟಿದರು, ಯಾರು ಯಾರ ಮೇಲೆ ಏರಿಹೋಗಲು ನೋಡಿದರು, ಎಲ್ಲವೂ ಕಂಡಿತು. ಸಂಸದೀಯ ಕಲಾಪವನ್ನು ಎಂದೂ ನೋಡದ ನನ್ನ ಸಹೋದ್ಯೋಗಿಗಳು ಆ ರಾತ್ರಿ ಎದ್ದು ಕುಳಿತಿದ್ದರು. ಸ್ಪೀಕರ್ ಆಯ್ಕೆಯಾಗಿ ನಿಯಮಗಳು ಅಂಗೀಕಾರವಾದ ಮೇಲೆ ಕ್ಯಾಮೆರಾ ಮತ್ತೆ ಹಳೆಯ ಹಿಡಿತಕ್ಕೆ ಮರಳಿತು.

ಬ್ರಿಟನ್ನಿನ ಕಾಮನ್ಸ್ ಸಭೆ 1989ರ ನವೆಂಬರ್‌ನಲ್ಲಿ ಟಿ.ವಿ.ಗೆ ತೆರೆದುಕೊಂಡಾಗ, ಗದ್ದಲವಾದರೆ ಕ್ಯಾಮೆರಾ ಸ್ಪೀಕರ್ ಕಡೆ ತಿರುಗಬೇಕೆಂದು ನಿಯಮ ಮಾಡಿಕೊಂಡಿತ್ತು. ಆದರೆ ಅಲ್ಲಿ ಅದು ಬರೆದಿಟ್ಟ ನಿಯಮ, ಓದಿ ಟೀಕಿಸಬಹುದಾದದ್ದು. ನಮ್ಮಲ್ಲಿ ಅದೇ ಕೆಲಸ ಬಾಯಿಮಾತಿನ ಸೂಚನೆಯ ಮೇಲೆ ನಡೆಯುತ್ತದೆ ಎಂಬ ಅನುಮಾನ ಉಳಿದುಕೊಂಡಿದೆ. 2014ರ ಫೆಬ್ರುವರಿ 18ರಂದು ಲೋಕಸಭೆ ತೆಲಂಗಾಣ ಮಸೂದೆಯನ್ನು ಅಂಗೀಕರಿಸುತ್ತಿದ್ದಾಗ ನೇರಪ್ರಸಾರ ನಿಂತುಹೋಯಿತು, ತಾಂತ್ರಿಕ ದೋಷವೆಂದರು. 2022ರ ಜೂನ್‌ನಲ್ಲಿ ಕೇರಳ ವಿಧಾನಸಭೆಯ ಅಧಿಕೃತ ವಾಹಿನಿ 'ಸಭಾ ಟಿ.ವಿ.' ವಿರೋಧ ಪಕ್ಷದ ಪ್ರತಿಭಟನೆಯನ್ನು ತೋರಿಸಲಿಲ್ಲವೆಂದು ವಿವಾದವಾಯಿತು, ಆಗ ಅಲ್ಲಿದ್ದದ್ದು ಎಡರಂಗದ ಸರ್ಕಾರ. 2023ರ ಆಗಸ್ಟ್‌ನಲ್ಲಿ ಅವಿಶ್ವಾಸ ಗೊತ್ತುವಳಿಯ ಮೇಲೆ ರಾಹುಲ್ ಗಾಂಧಿ ಮಾಡಿದ 37 ನಿಮಿಷದ ಭಾಷಣದಲ್ಲಿ ಸಂಸದ್ ಟಿ.ವಿ. ಅವರನ್ನು ತೋರಿಸಿದ್ದು 15 ನಿಮಿಷಕ್ಕೂ ಕಡಿಮೆ, ಉಳಿದಂತೆ ಕಂಡದ್ದು ಹೆಚ್ಚಾಗಿ ಸ್ಪೀಕರ್ ಎಂದು ಕಾಂಗ್ರೆಸ್ ದೂರಿತು.

ಆದರೂ ಅಧಿಕೃತ ಚಿತ್ರೀಕರಣ ನಿಷ್ಪ್ರಯೋಜಕ ಎನ್ನಲಾರೆ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳಿಗೆ ಧ್ವನಿಮತದ ಒಪ್ಪಿಗೆ ಪಡೆದಾಗ, ಮತ ವಿಭಜನೆ (ಪರ-ವಿರೋಧದ ಮತಗಳ ಎಣಿಕೆ) ಕೇಳಿದವರು ತಮ್ಮ ಆಸನಗಳಲ್ಲಿ ಇರಲಿಲ್ಲ ಎಂದು ಸರ್ಕಾರದ ಕಡೆಯಿಂದ ಹೇಳಲಾಯಿತು. ಪತ್ರಿಕೆಯೊಂದು ರಾಜ್ಯಸಭಾ ಟಿ.ವಿ.ಯ ದೃಶ್ಯಗಳನ್ನೇ ಸಮಯ ಹಿಡಿದು ಪರಿಶೀಲಿಸಿ, ಕೇಳಿದವರಲ್ಲಿ ಇಬ್ಬರು ಆ ಹೊತ್ತಿಗೆ ಆಸನದಲ್ಲಿಯೇ ಇದ್ದರೆಂದು ತೋರಿಸಿತು. ಸರ್ಕಾರದ ಹೇಳಿಕೆಯನ್ನು ಪ್ರಶ್ನಿಸಲು ನೆರವಾದದ್ದು ಸದನದ್ದೇ ಚಿತ್ರೀಕರಣ. ಹೀಗಾಗಿ ಖಾಸಗಿ ಕ್ಯಾಮೆರಾ ಒಳಗಿರಬೇಕೇ ಎಂಬುದಕ್ಕಿಂತ, ಸದನದ ಎಲ್ಲ ಕ್ಯಾಮೆರಾಗಳ ದೃಶ್ಯಗಳೂ ಕತ್ತರಿ ಬೀಳದೆ, ಸಮಯದ ಗುರುತಿನೊಂದಿಗೆ ಸಂಗ್ರಹವಾಗುತ್ತವೆಯೇ, ಕೇಳಿದವರಿಗೆ ಸಿಗುತ್ತವೆಯೇ ಎಂಬುದು ನನಗೆ ದೊಡ್ಡ ವಿಷಯವಾಗಿ ಕಾಣುತ್ತದೆ. ತಾಂತ್ರಿಕವಾಗಿ ಇದರಲ್ಲಿ ಕಷ್ಟವೇನೂ ಇಲ್ಲ. ಪ್ರತಿಯೊಂದು ಕ್ಯಾಮೆರಾದ ದೃಶ್ಯವನ್ನೂ ಬೇರೆ ಬೇರೆಯಾಗಿ ಮುದ್ರಿಸಿಕೊಳ್ಳುವುದು ನಮ್ಮ ಕ್ರಿಕೆಟ್ ಪ್ರಸಾರದಲ್ಲಿ ನಿತ್ಯದ ಕೆಲಸ.

ಮರುಪ್ರಶ್ನೆ: ರಾಜ್ಯಶಾಸ್ತ್ರದ ಮೇಷ್ಟ್ರು, ಹಾಸನ

ಎಲ್ಲರಿಗೂ ಧನ್ಯವಾದಗಳು. ನ್ಯೂಜೆರ್ಸಿಯವರ ಸಲಹೆ ಆಕರ್ಷಕವಾಗಿದೆ, ಆದರೆ ಬೆಳಗಾವಿಯ ಘಟನೆಗೆ ಅದು ಪೂರ್ತಿ ಹೊಂದುತ್ತದೆಯೇ? ಅಲ್ಲಿ ತೊಡಕಾದದ್ದು ಕ್ಯಾಮೆರಾ ಯಾವ ಕಡೆ ತಿರುಗಿತ್ತು ಎಂಬುದಲ್ಲ. 'ಸದನವನ್ನು ಮುಂದೂಡಲಾಗಿದೆ' ಎಂದು ಪೀಠದಿಂದ ಹೇಳಿದ ಕ್ಷಣಕ್ಕೆ ಅಧಿಕೃತ ದಾಖಲೆ ಮುಗಿಯುತ್ತದೆ. ಆ ಬಳಿಕವೂ ಸದಸ್ಯರು ಅಲ್ಲೇ ಇರುತ್ತಾರೆ, ಕೂಗಾಡುತ್ತಾರೆ, ಮಾರ್ಷಲ್‌ಗಳು ಬರುತ್ತಾರೆ. ಆ ಹೊತ್ತಿನ ಚಿತ್ರೀಕರಣ ಇದ್ದರೂ ಅದು ಸದನದ ಕಲಾಪವೋ ಅಲ್ಲವೋ? ಕಲಾಪ ಅಲ್ಲವೆಂದರೆ ಸದನದ ವಿಶೇಷ ಹಕ್ಕು ಅದಕ್ಕೆ ಹೇಗೆ ಅನ್ವಯಿಸುತ್ತದೆ? ಕಲಾಪವೆಂದರೆ ದಾಖಲೆಯಲ್ಲಿ ಏಕಿಲ್ಲ? ಎರಡನ್ನೂ ಒಟ್ಟಿಗೆ ಹೇಳುವುದು ನನಗೆ ಅರ್ಥವಾಗುತ್ತಿಲ್ಲ.

ಉತ್ತರ: ಕಪ್ಪುಕೋಟು, ಧಾರವಾಡ

ಮೇಷ್ಟ್ರು ಸರಿಯಾದ ಗಂಟನ್ನೇ ಹಿಡಿದಿದ್ದಾರೆ. ಸಭಾಂಗಣದ ಆವರಣದ ಮೇಲೆ ಪೀಠದ ಅಧಿಕಾರ ಮುಂದೂಡಿಕೆಯ ನಂತರವೂ ಇರುತ್ತದೆ, ಅದು ಜಾಗಕ್ಕೆ ಸಂಬಂಧಿಸಿದ್ದು. ಕಲಾಪದ ರಕ್ಷಣೆ ಬೇರೆ, ಅದು ಸದಸ್ಯರು ಸದನದಲ್ಲಿ ಆಡುವ ಮಾತಿಗೆ, ಕೊಡುವ ಮತಕ್ಕೆ ಸಂಬಂಧಿಸಿದ್ದು. ಇವೆರಡನ್ನೂ ಒಂದೇ ಎಂಬಂತೆ ಮಾತನಾಡುವ ಅಭ್ಯಾಸದಿಂದಾಗಿಯೇ ಇಂತಹ ಸಂದರ್ಭಗಳಲ್ಲಿ ಗೊಂದಲವಾಗುತ್ತದೆ. ಮುಂದೂಡಿಕೆಯ ನಂತರದ ಚಿತ್ರೀಕರಣಕ್ಕೆ ಏನು ಸ್ಥಾನಮಾನ, ಅದನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕು, ಯಾರು ಕೇಳಿದರೆ ಕೊಡಬೇಕು ಎಂಬುದನ್ನು ನಡವಳಿ ನಿಯಮಗಳಲ್ಲಿ ವಿವರವಾಗಿ ಬರೆಯುವುದಕ್ಕೆ ಕಾನೂನಿನ ಅಡ್ಡಿ ಇಲ್ಲ. ಅದಕ್ಕೆ ಸಂವಿಧಾನ ತಿದ್ದುಪಡಿ ಬೇಕಿಲ್ಲ, ನ್ಯಾಯಾಲಯ ಬೇಕಿಲ್ಲ. ನಿಯಮಾವಳಿ ಸಮಿತಿ ಕುಳಿತು ಶಿಫಾರಸು ಮಾಡಿ, ಸದನ ಒಪ್ಪಿದರೆ ಸಾಕು.

ಉತ್ತರ: ಸಾಕಾದ ವೀಕ್ಷಕಿ, ದಾವಣಗೆರೆ

ಕೇರಳದ ತೀರ್ಪಿನ ವಿಷಯ ಗೊತ್ತಿರಲಿಲ್ಲ, ತಿಳಿಸಿದ್ದಕ್ಕೆ ವಕೀಲರಿಗೆ ಧನ್ಯವಾದ. ಆದರೂ ನನ್ನ ತಕರಾರು ಪೂರ್ತಿ ಹೋಗಿಲ್ಲ. ನಿಯಮ ಬರೆಯುವಾಗ ವಾಹಿನಿಗಳಿಗೂ ಒಂದು ಶರತ್ತು ಇರಲಿ. ಸದನದ ದೃಶ್ಯವನ್ನು ಪಡೆದವರು ಆ ಮಾತಿನ ಹಿಂದುಮುಂದನ್ನು ಕತ್ತರಿಸಿ ಬಳಸಬಾರದು. ನ್ಯಾಯಾಲಯದ ಕಲಾಪದ ತುಣುಕುಗಳ ವಿಷಯದಲ್ಲಿ ನಮ್ಮ ಹೈಕೋರ್ಟು 2024ರಲ್ಲಿ ಅಂತಹ ದುರ್ಬಳಕೆಯನ್ನು ತಡೆಯಲು ಆದೇಶ ಮಾಡಲಿಲ್ಲವೇ?

ಉತ್ತರ: ಗ್ಯಾಲರಿಯ ಹಳಬ, ಬೆಂಗಳೂರು

ತಾಯಿ, ಆ ಆದೇಶದ ಹಿನ್ನೆಲೆಯನ್ನೂ ನೋಡಿ. ನ್ಯಾಯಮೂರ್ತಿಯೊಬ್ಬರು ವಿಚಾರಣೆಯ ವೇಳೆ ಆಡಿದ ಮಾತುಗಳ ತುಣುಕು ಹರಿದಾಡಿ, ಸುಪ್ರೀಂ ಕೋರ್ಟ್ ತಾನಾಗಿ ವಿಷಯವನ್ನು ಕೈಗೆತ್ತಿಕೊಂಡ ನಂತರವೇ ಅದು ಬಂದದ್ದು. ಮಾತನಾಡಿದವರು ವಿಷಾದ ವ್ಯಕ್ತಪಡಿಸಿದರು, ಸುಪ್ರೀಂ ಕೋರ್ಟ್ ಪ್ರಕರಣ ಮುಗಿಸಿತು. ಹಾಗೆ ಮುಗಿಸುವಾಗ ಅಂದಿನ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಅವರು, ಬೆಳಕಿಗೆ ಉತ್ತರ ಇನ್ನಷ್ಟು ಬೆಳಕೇ ಹೊರತು ನೇರಪ್ರಸಾರ ನಿಲ್ಲಿಸುವುದಲ್ಲ ಎಂಬರ್ಥದ ಮಾತು ಹೇಳಿದರು. ನೇರಪ್ರಸಾರವೇ ಇಲ್ಲದಿದ್ದರೆ ಆ ಮಾತುಗಳು ಆ ಕೊಠಡಿಯಲ್ಲಿದ್ದವರ ನೆನಪಿನಲ್ಲಿಯೇ ಉಳಿದುಬಿಡುತ್ತಿದ್ದವು.

ನಿಯಮಾವಳಿ ಸಮಿತಿಯ ದಾರಿ ಕಾಗದದ ಮೇಲೆ ಸುಲಭ, ಒಪ್ಪುತ್ತೇನೆ. ಆದರೆ ಮುಂದೂಡಿಕೆಯ ನಂತರವೂ ಕ್ಯಾಮೆರಾ ಓಡುತ್ತಲೇ ಇರಬೇಕೆಂಬ ನಿಯಮವನ್ನು ತಮ್ಮ ಮೇಲೆಯೇ ಹೇರಿಕೊಳ್ಳುವ ಉತ್ಸಾಹ ಯಾವ ಸಮಿತಿಗೂ ಬಂದೀತೆಂದು ನನಗೆ ಅನಿಸುವುದಿಲ್ಲ. ಆ ಸಮಿತಿಯಲ್ಲಿ ಕುಳಿತಿರುವವರೂ ಗದ್ದಲದ ದಿನ ಬಾವಿಗಿಳಿಯುವವರೇ. ಆದ್ದರಿಂದ ಆ ನಿಯಮ ಬರುವವರೆಗಾದರೂ, ಕೆಂಪು ವೃತ್ತ ಬರೆಯುವವರಾದರೂ ಸರಿ, ಸದನದ ಸಂಬಳ ತೆಗೆದುಕೊಳ್ಳದ ಒಂದೆರಡು ಕ್ಯಾಮೆರಾಗಳು ಗ್ಯಾಲರಿಯಲ್ಲಿರಲಿ ಎಂಬುದು ನನ್ನ ನಿಲುವು. ಪ್ರತಿ ವಾಹಿನಿಗೂ ಒಂದು ಬೇಡ. ಎಲ್ಲ ವಾಹಿನಿಗಳೂ ಸೇರಿ ಸರದಿಯ ಮೇಲೆ ಒಬ್ಬ ಛಾಯಾಗ್ರಾಹಕನನ್ನು ಕಳುಹಿಸಿ, ದೃಶ್ಯವನ್ನು ಹಂಚಿಕೊಂಡರೆ ಜಾಗದ ಕೊರತೆಯ ನೆಪವೂ ಉಳಿಯುವುದಿಲ್ಲ. ಮುಂದಿನ ಬೆಳಗಾವಿ ಅಧಿವೇಶನಕ್ಕೆ ಮುನ್ನ ಪತ್ರಕರ್ತರ ಸಂಘಟನೆಗಳು ಸಭಾಧ್ಯಕ್ಷರನ್ನೂ ಸಭಾಪತಿಯವರನ್ನೂ ಭೇಟಿಯಾಗುವುದಿದ್ದರೆ, ಪಾಸುಗಳ ಸಂಖ್ಯೆಯ ಜೊತೆಗೆ ಇದನ್ನೂ ಮನವಿಯಲ್ಲಿ ಬರೆದುಕೊಂಡು ಹೋಗಲಿ.